ಕಪ್ಪೆಯ ಸಾವಿನ ಪ್ರಬಂಧ

ಪ್ರಯೋಗಾಲಯದ ಗಾಜಿನ ತೊಟ್ಟಿಯಲ್ಲಿ ಒಂದು ಕಪ್ಪೆಯಿತ್ತು. ಅದರ ಮೇಲೆ ಹೊಸ ಔಷಧಿಯೊಂದನ್ನು ಪರೀಕ್ಷಿಸಬೇಕಿತ್ತು, ಅದಕ್ಕೆಂದೇ ತಂದಿದ್ದರು. ಪಕ್ಕದಲ್ಲೇ ಕೃತಕ ಬುದ್ಧಿಯ ಯಂತ್ರ ಸಂಶೋಧಕಿಗಾಗಿ ಪ್ರಬಂಧ ಬರೆಯುತ್ತಿತ್ತು.

“ಯಂತ್ರಣ್ಣಾ, ನನ್ನ ಬಗ್ಗೆ ಏನು ಬರೆದೆ?” ಎಂದಿತು ಕಪ್ಪೆ.

“ಔಷಧಿಯಿಂದ ನೀನು ಸತ್ತೆ ಎಂದು.”

“ಅಯ್ಯೋ ಮಾರಾಯ, ಔಷಧಿಯನ್ನೇ ಇನ್ನೂ ಕೊಟ್ಟಿಲ್ಲವಲ್ಲೋ! ನನ್ನ ಎದೆ ಬಡಿಯುತ್ತಿದೆ, ನೋಡು.”

“ನೋಡುವುದು ನನ್ನ ಕೆಲಸವಲ್ಲ. ಹಳೆಯ ಪ್ರಬಂಧಗಳನ್ನೆಲ್ಲ ಓದಿದ್ದೇನೆ. ಅವುಗಳಲ್ಲಿ ಕಪ್ಪೆಗಳೆಲ್ಲ ಸತ್ತಿವೆ.”

ಸಂಶೋಧಕಿ ಬಂದರೆ ತನ್ನನ್ನು ಕಣ್ಣಾರೆ ಕಂಡು ತಪ್ಪನ್ನು ಸರಿಪಡಿಸುತ್ತಾಳೆ ಎಂದು ಕಪ್ಪೆ ಧೈರ್ಯ ತಂದುಕೊಂಡಿತು.

ಅವಳು ಬಂದಳು. ಪ್ರಬಂಧವನ್ನು ಓದಿ ಮೆಚ್ಚಿಕೊಂಡು, ಆಗಲೇ ಪತ್ರಿಕೆಗೆ ಕಳುಹಿಸಿದಳು. ಆಮೇಲೆ ತೊಟ್ಟಿಯತ್ತ ತಿರುಗಿದಳು. ಅಲ್ಲಿ ಕಪ್ಪೆ ತಾನು ಬದುಕಿದ್ದೇನೆಂದು ತೋರಿಸಲು ಜೋರಾಗಿ ಕುಪ್ಪಳಿಸುತ್ತಿತ್ತು.

ಅವಳು ಅದನ್ನೂ ಪ್ರಬಂಧವನ್ನೂ ಎರಡೆರಡು ಸಲ ನೋಡಿದಳು. ಬಳಿಕ, ತಪ್ಪನ್ನು ಸರಿಪಡಿಸಲು, ಔಷಧಿಯ ಸೂಜಿ ಹಿಡಿದು ತೊಟ್ಟಿಯ ಮುಚ್ಚಳ ತೆಗೆದಳು.