ಹುತ್ತದ ಮೇಲಿನ ಪಾಳಿ

ಒಂದು ಕಾಡಿನಲ್ಲಿ ನೀರಿಗಿದ್ದದ್ದು ಒಂದೇ ಕೊಳ. ಚಿರತೆಗೂ ಅದೇ, ಜಿಂಕೆಗೂ ಅದೇ. ಅದಕ್ಕೇ ಅಲ್ಲಿನ ಪ್ರಾಣಿಗಳು ಅಜ್ಜನ ಕಾಲದಿಂದ ಒಂದು ಪಾಳಿ ಇಟ್ಟುಕೊಂಡಿದ್ದವು. ದಿನಕ್ಕೊಬ್ಬರು ದಡದ ಹುತ್ತ ಹತ್ತಿ, ನೀರಿಗೆ ಬೆನ್ನು ಹಾಕಿ ನಿಲ್ಲಬೇಕು. ಚಿರತೆ ಕಂಡರೆ ಕೂಗಬೇಕು. ಎಲ್ಲರೂ ಕುಡಿದ ಮೇಲೆಯೇ ಕಾವಲಿನವರಿಗೆ ನೀರು.

ಮಿಂಚಿ ಎಂಬ ಜಿಂಕೆಗೆ ಇದು ಸರಿಬರುತ್ತಿರಲಿಲ್ಲ. ಓಟದಲ್ಲಿ ಅದನ್ನು ಮೀರಿಸುವವರಿರಲಿಲ್ಲ ನೋಡಿ, ಬಿಂಕ ತಲೆಗೇರಿತ್ತು. ತುಂಬಿದ ಬಸುರಿ, ಬಾಯಾರಿಕೆ ಬೇರೆ. ಇದನ್ನು ನರಿ ಗಮನಿಸಿತು. ಚಿರತೆ ತಿಂದು ಬಿಟ್ಟ ಎಲುಬೇ ನರಿಯ ಊಟ. ಪಾಳಿ ಅದರ ಅನ್ನಕ್ಕೆ ಕಲ್ಲು ಹಾಕಿತ್ತು.

"ಮಿಂಚಕ್ಕ, ನೀನು ಬದುಕಿರೋದು ನಿನ್ನ ಕಾಲಿನ ಬಲದಿಂದ. ಓಡಲಾರದ ಸೋಮಾರಿಗಳಿಗಾಗಿ ನೀನ್ಯಾಕೆ ಬಾಯಿ ಒಣಗಿಸಿಕೊಂಡು ನಿಲ್ಲಬೇಕು?" ಎಂದಿತು.

ಮಿಂಚಿ ಉಬ್ಬಿಹೋಯಿತು. ಅಲ್ಲಿಂದ ನರಿ ಮುದಿ ಮೊಲದ ಬಳಿ ಹೋಯಿತು. ಪಾಪ, ಹಿಂದಿನ ಮಳೆಗಾಲದ ನೆರೆಯಲ್ಲಿ ಅದರ ಮೂರು ಮರಿ ಕೊಚ್ಚಿಹೋಗಿದ್ದವು. ಅಲ್ಲಿ ನರಿಯದು ಬೇರೆಯೇ ರಾಗ. ಹಣೆಯಲ್ಲಿ ಬರೆದದ್ದನ್ನು ತಪ್ಪಿಸಲು ಯಾರಿಂದಾದೀತು, ಕಾವಲು ಕಾದು ಏನು ಸುಖ ಎಂದು ಕಿವಿ ಊದಿತು. ಮೊಲ ಕಣ್ಣೊರೆಸಿಕೊಂಡು ಹೌದೆಂದಿತು. ಸಭೆ ಸೇರಿದಾಗ ಪಾಳಿ ಬೇಡವೆಂದು ತಮ್ಮ ಬಲ ನಂಬಿದವೂ ಮುಂಗಾಲೆತ್ತಿದವು, ಹಣೆಬರಹ ನಂಬಿದವೂ ಎತ್ತಿದವು. ಪಾಳಿ ನಿಂತೇಹೋಯಿತು.

ಮೊದಲು ಚಿರತೆಯ ಬಾಯಿಗೆ ಹೋದದ್ದು ಕಾಡುಹಂದಿಯ ಮರಿ. ಚುರುಕಾಗಿರಬೇಕಿತ್ತು ಎಂದಿತು ಮಿಂಚಿ. ಅದರ ಋಣ ಅಷ್ಟೇ ಎಂದಿತು ಮೊಲ.

ಮಿಂಚಿ ಈದು ವಾರವಾಗಿತ್ತು. ಮರಿಯನ್ನು ಕರೆದುಕೊಂಡು ನೀರಿಗೆ ಬಂತು. ಪೊದೆ ಅಲುಗಿತು. ಮಿಂಚಿಯ ಕಾಲು ಅದನ್ನು ಕ್ಷಣದಲ್ಲಿ ಗುಡ್ಡದಾಚೆ ಮುಟ್ಟಿಸಿತು. ತಿರುಗಿ ನೋಡಿದರೆ ಮರಿ ಇಲ್ಲ. ಅದಕ್ಕಿನ್ನೂ ಓಟವೇ ಬಂದಿರಲಿಲ್ಲ. ಅಯ್ಯೋ, ಆ ತಾಯಿಯ ಗೋಳು ಯಾರಿಗೂ ಬೇಡ.

ನರಿ ಎಲುಬು ಚೀಪಿ ಸುಖವಾಗಿತ್ತು. ಮೂರನೇ ದಿನ ಬಾಯಾರಿ ಕೊಳಕ್ಕಿಳಿಯಿತು. ಚಿರತೆ ಎಲ್ಲಿದೆಯೆಂದು ಇಷ್ಟು ವರ್ಷ ಅದಕ್ಕೂ ತಿಳಿಯುತ್ತಿದ್ದದ್ದು ಹುತ್ತದ ಮೇಲಿನ ಕೂಗಿನಿಂದಲೇ. ಅವತ್ತು ಯಾರೂ ಕೂಗಲಿಲ್ಲ. ನೀರಿನಿಂದ ಮೂತಿ ಎತ್ತುವಷ್ಟರಲ್ಲಿ ಚಿರತೆ ಅದರ ಕತ್ತು ಹಿಡಿದಿತ್ತು.

ಮರುದಿನ ಮಿಂಚಿ ಹುತ್ತ ಹತ್ತಿ ನೀರಿಗೆ ಬೆನ್ನು ಹಾಕಿ ನಿಂತಿತು. ಮೊಲ ಮೊಮ್ಮಕ್ಕಳೊಂದಿಗೆ ಬಂದು, ಈಗ ಪಾಳಿಯೇ ಇಲ್ಲವಲ್ಲ ಮಗಳೇ ಎಂದಿತು.

"ಮಕ್ಕಳು ಕುಡಿಯಲಿ ಅಜ್ಜಿ. ನನ್ನ ಮರಿಗೆ ಕಾಯುವವರಿರಲಿಲ್ಲ," ಎಂದಿತು ಮಿಂಚಿ.

ನೀತಿ: ಎಲ್ಲವೂ ನನ್ನಿಂದಲೇ ಎನ್ನುವವರನ್ನೂ, ನನ್ನಿಂದ ಏನೂ ಆಗದು ಎನ್ನುವವರನ್ನೂ ವಂಚಕ ಒಂದೇ ಬಲೆಗೆ ಕೆಡವುತ್ತಾನೆ. ಒಬ್ಬರನ್ನೊಬ್ಬರು ಕಾಯುವುದು ಮಾತ್ರ ನಮ್ಮ ಕೈಲಿದೆ.