ಕಡಸು ಸುತ್ತಿದ ನೆಲ

ಹತ್ತಿರ ಬನ್ನಿ, ಆ ಬಾಗಿಲು ಮುಂದಕ್ಕೆ ಮಾಡಿ. ಈ ಮಾತು ನಿಮ್ಮ ಹೊಟ್ಟೆಯಲ್ಲೇ ಇರಲಿ. ಹೊರಗೆ ಬಿದ್ದರೂ ನನ್ನ ಹೆಸರು ಮಾತ್ರ ಬೇಡ.

ಉತ್ತರದ ಹಿಮದ ಸೀಮೆಯಿಂದ ಥೋರಾ ಅನ್ನೋ ಹೆಂಗಸು ಹಡಗು ಹತ್ತಿ ಹೊಸ ನೆಲಕ್ಕೆ ಬಂದಿಳಿದಳು. ಅವರ ಕಡೆ ಒಂದು ಪದ್ಧತಿ. ಹೆಂಗಸೊಬ್ಬಳು ಬೆಳಗಿನಿಂದ ಸಂಜೆಯೊಳಗೆ ತನ್ನ ಕಡಸನ್ನು ಹಿಡಿದುಕೊಂಡು ಎಷ್ಟು ನೆಲ ಸುತ್ತಿ ಬರುತ್ತಾಳೋ ಅಷ್ಟೂ ಅವಳದೇ. ನೆಲ ಥೋರಾಳದು, ಜಂಬವೆಲ್ಲ ಕಡಸಿನದು! ಕೆಚ್ಚಲು ಇನ್ನೂ ಮೂಡಿಲ್ಲ, ಮಾತು ಮಾತ್ರ ಏಳು ಹೆತ್ತವಳದು. ಬೆಳಗ್ಗೆ ಒಂದು ಬಂಡೆಯ ಬುಡದಿಂದ ಹೊರಟು, ಕಾಟ ಕೊಡುವ ನೊಣವನ್ನು ಬಾಲದಲ್ಲಿ ಬೀಸುತ್ತ, ಗೌಡತಿಯ ಹಾಗೆ ನಡೆದು, ಸಂಜೆಗೆ ಅದೇ ಬಂಡೆಗೆ ಬಂತು. ಅಲ್ಲಿ ಬಿಲದ ಬಾಯಲ್ಲಿ ಮುದಿ ಮುಳ್ಳುಹಂದಿಯೊಂದು ಮೊಮ್ಮಕ್ಕಳಿಗೆ ಬೇರು ತಿನ್ನಿಸುತ್ತಿತ್ತು.

“ಅಜ್ಜೀ, ಗಂಟುಮೂಟೆ ಕಟ್ಟು. ನಿನ್ನ ಬಿಲ ನಮ್ಮ ಸುತ್ತಿನೊಳಗೆ ಬಂತು,” ಎಂದಿತು ಕಡಸು.

“ನನ್ನ ಮುತ್ತಜ್ಜಿ ತೋಡಿದ ಬಿಲ ಕಣೇ ಇದು!”

“ತೋಡಿದರೇನು, ಸುತ್ತಿದ್ದಳಾ? ಬೆಳಗಿನಿಂದ ಸಂಜೆತನಕ ಸುತ್ತಿದವರದೇ ಸ್ವತ್ತು. ಅದೇ ಧರ್ಮ.”

ಮುಳ್ಳುಹಂದಿ ಒಂದು ಮುಳ್ಳನ್ನೂ ನಿಮಿರಿಸಲಿಲ್ಲ. ಕಡಸಿನ ಕಿವಿಯ ಹತ್ತಿರ ಗುಂಯ್‌ಗುಡುತ್ತಿದ್ದ ನೊಣವನ್ನು ನೋಡಿ, ಮುಖಕ್ಕೆ ಹೊಡೆದ ಹಾಗೆ ಹೇಳಿತು:

“ಹಾಗಾದರೆ ನಿನ್ನ ಒಡತಿ ಥೋರಾ ಅಲ್ಲ ಕಣಮ್ಮ, ಈ ನೊಣ. ಬೆಳಗ್ಗೆ ಇಲ್ಲಿಂದ ಹೊರಟಾಗಲೂ ಇದು ನಿನ್ನನ್ನೇ ಸುತ್ತುತ್ತಿತ್ತು. ಮೊದಲು ಇದರ ಅಪ್ಪಣೆ ತಗೊಂಡು ಬಾ, ನನ್ನನ್ನು ಒಕ್ಕಲೆಬ್ಬಿಸೋದು ಆಮೇಲೆ.”