ತುಳುಕುವ ನೀರು

ಬೋಳುಗುಡ್ಡದ ಸೀಮೆಯಲ್ಲಿ ನದಿಗೆ ಬೀಗ ಹಾಕಿದ್ದರು.

ಈಗಿನ ದೊರೆಯ ಅಪ್ಪ ಆ ನದಿಯನ್ನು ದನ ಹೊಡೆದುಕೊಂಡು ಹೋದ ಹಾಗೆ ಕೋಟೆಯೊಳಕ್ಕೆ ಹೊಡೆದುಕೊಂಡು ಹೋದ. ಹೆಬ್ಬಾಗಿಲು ಮುಚ್ಚಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಹೊರಗೆ ಉಳಿದದ್ದು ಮರಳು.

ಆ ಮರಳಿನ ದಡದಲ್ಲಿ ಈರಜ್ಜಿಯ ಗುಡಿಸಲು. ಅದರ ಮುಂದೆ, ಒಣಗಿದ ನದಿಯೇ ತನ್ನ ಪಾಟಿ ಎಂಬಂತೆ, ದುಗ್ಗಿ ಎಂಬ ಹುಡುಗಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದಳು.

ದುಗ್ಗಿ ಬಂದದ್ದು ಅಕ್ಷರಕ್ಕಲ್ಲ. ಈರಜ್ಜಿಗೆ ನೀರು ತರಿಸುವ ಮಂತ್ರ ಗೊತ್ತು ಎಂದು ಯಾರೋ ಹೇಳಿದ್ದರು. ಮಂತ್ರ ಓದಲು ಅಕ್ಷರ ಬೇಕಲ್ಲ ಎಂದು ಅಜ್ಜಿ ಮೊದಲ ದಿನ ‘ಅ’ ಬರೆಸಿದಳು. ಅದಾಗಿ ಎರಡು ವರ್ಷ. ಮಂತ್ರದ ಸುದ್ದಿಯೇ ಇಲ್ಲ. ಒತ್ತಕ್ಷರ ಮುಗಿಯುತ್ತಲೂ ಇಲ್ಲ.

ಒಂದು ಬೆಳಿಗ್ಗೆ ದುಗ್ಗಿ ಬರೆಯದೆ ಸುಮ್ಮನೆ ಕೂತಳು.

ಅಜ್ಜಿ ಏನೆಂದು ಕೇಳಿದಳು. ನಾಳೆ ಅಮಾವಾಸ್ಯೆ, ಅದರ ಮುಂದಿನ ಅಮಾವಾಸ್ಯೆಗೆ ತಂಗಿ ಸಣ್ಣಿಗೆ ಹನ್ನೆರಡು ತುಂಬುತ್ತದೆ ಎಂದಳು ದುಗ್ಗಿ.

ಆ ಸೀಮೆಯಲ್ಲಿ ಅಷ್ಟು ಹೇಳಿದರೆ ಸಾಕಿತ್ತು. ಕೋಟೆಯಿಂದ ದಿನಕ್ಕೊಂದು ಕೊಡ ನೀರು ತರುವ ಮನೆ, ಹನ್ನೆರಡು ತುಂಬಿದ ಮಗುವೊಂದನ್ನು ಕೋಟೆಯ ರಾಟೆ ಎಳೆಯಲು ಕಳಿಸಬೇಕು. ಹೋದವರು ತಿರುಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ. ದುಗ್ಗಿಯ ಎಡಗಾಲು ಎಳೆಯುತ್ತಿದ್ದುದರಿಂದ ಅವಳನ್ನು ಬೇಡವೆಂದು ಬಿಟ್ಟಿದ್ದರು. ಅದಕ್ಕೂ ಅವಳಿಗೆ ಸಿಟ್ಟಿತ್ತು. ಸಣ್ಣಿಯ ಕಾಲೋ, ಜಿಂಕೆಯ ಕಾಲು.

“ಇವತ್ತಾದರೂ ಮಂತ್ರ ಕೊಡು ಅಜ್ಜಿ.”

“ಕೊಡೋಣ. ನೀರು ಏನೇನು ಮಾಡುತ್ತದೆ, ಬರಿ.”

ದುಗ್ಗಿ ಹಲ್ಲು ಕಚ್ಚಿಕೊಂಡು ಬರೆದಳು. ಹರಿಯುತ್ತದೆ. ನಿಲ್ಲುತ್ತದೆ.

“ಇನ್ನೂ?”

ಜಿನುಗುತ್ತದೆ. ಒಸರುತ್ತದೆ. ತೊಟ್ಟಿಕ್ಕುತ್ತದೆ. ಚಿಮ್ಮುತ್ತದೆ. ಬರೆಯುತ್ತ ಬರೆಯುತ್ತ ಅವಳ ನಾಲಿಗೆ ಇನ್ನಷ್ಟು ಒಣಗಿತು.

“ಇನ್ನೂ?”

ಇನ್ನೊಂದು ಮಾತು ಬೆರಳ ತುದಿಯವರೆಗೆ ಬಂತು. ದುಗ್ಗಿ ಬೆರಳನ್ನು ಮಡಚಿಕೊಂಡಳು. ಅದನ್ನು ಬರೆಯಲು ಅವಳಿಗೆ ಮನಸ್ಸಿರಲಿಲ್ಲ.

ಬೆರಳು ಮಡಚಿದ್ದನ್ನು ಅಜ್ಜಿ ನೋಡಿದಳು. ಊರಬಾಗಿಲಲ್ಲಿರುವ ಶಾಸನದ ಕಲ್ಲನ್ನು ಓದಿಕೊಂಡು ಬಾ ಎಂದಳು.

“ಅದರಲ್ಲೇನಿದೆ ಅಂತ ತೊಟ್ಟಿಲ ಕೂಸಿಗೂ ಗೊತ್ತು. ನೀರೆಲ್ಲ ಕೋಟೆಯದು.”

“ಯಾರು ಹೇಳಿದರು?”

“ನೀರುಗಂಟಿ ಭರಮಪ್ಪ.”

“ನೀನು ಓದಿದ್ದೀಯಾ?”

ದುಗ್ಗಿ ಎದ್ದು ಹೋದಳು.

ಆ ಕಲ್ಲೆಂದರೆ ಊರಿಗೆಲ್ಲ ಭಯ. ಅದರ ಮೇಲೆ ಕೆತ್ತಿದ್ದನ್ನು ಯಾರೂ ಮೀರುವಂತಿರಲಿಲ್ಲ, ಕೆತ್ತಿಸಿದ ದೊರೆಯೂ ಅಷ್ಟೇ. ಅದನ್ನು ಮುಟ್ಟಿ ಸುಳ್ಳು ಹೇಳಿದರೆ ನಾಲಿಗೆ ಕಲ್ಲಾಗುತ್ತಿತ್ತು. ಹಾಗಾಗಿ ಹತ್ತಿರ ಹೋಗುವವರೇ ಇರಲಿಲ್ಲ, ನಾಯಿಗಳ ಹೊರತು.

ದುಗ್ಗಿ ಇದ್ದಿಲ ಪುಡಿಯನ್ನು ಕಲ್ಲಿಗೆ ಉಜ್ಜಿದಳು. ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಅರ್ಧ ದಿನ ಹಿಡಿಯಿತು. ಆಮೇಲೆ ಎಳೆಯುವ ಕಾಲಿನಲ್ಲೇ ಓಡೋಡಿ ಬಂದಳು.

“ಅಜ್ಜಿ, ‘ಎಲ್ಲ’ ಅನ್ನೋ ಮಾತೇ ಅಲ್ಲಿಲ್ಲ. ‘ಹರಿಯುವ ನೀರು, ನಿಂತ ನೀರು ಕೋಟೆಯದು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಅದನ್ನು ಕುಡಿದ ಮನೆ ಒಂದು ಆಳು ಕೊಡತಕ್ಕದ್ದು.’ ಇಷ್ಟೇ.”

ತಲೆಕಟ್ಟುಗಳೆಲ್ಲ ಅಜ್ಜಿ ಬರೆಯುವ ಹಾಗೇ ತುದಿಯಲ್ಲಿ ಮೇಲಕ್ಕೆ ಹಾರಿವೆ ಎಂದೂ ಹೇಳಿದಳು. ಅಜ್ಜಿ ಎದ್ದಳು. ಒಳಗಿನಿಂದ ಒಂದು ಹಳೆಯ ಸೀರೆ ತಂದು ದುಗ್ಗಿಯ ಹೆಗಲಿಗೆ ಹಾಕಿದಳು.

“ನಸುಕಿನಲ್ಲಿ ಗುಡ್ಡದ ಹುಲ್ಲು ಏನು ಹೊದ್ದುಕೊಂಡಿರುತ್ತದೆ, ನೋಡಿದ್ದೀಯಾ?”

ಅಮಾವಾಸ್ಯೆ ಕಳೆದ ಬೆಳಿಗ್ಗೆ ದುಗ್ಗಿ, ಅವಳ ಅವ್ವ, ಸಣ್ಣಿ ಮೂವರೂ ಗುಡ್ಡ ಹತ್ತಿದರು. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಸೀರೆ ಎಳೆದರು, ಹಿಂಡಿದರು, ಮತ್ತೆ ಎಳೆದರು. ಬಿಸಿಲೇರುವಷ್ಟರಲ್ಲಿ ಒಂದು ಕೊಡ ತುಂಬಿತು. ಹುಲ್ಲಿನ ವಾಸನೆಯ ನೀರು. ಅವ್ವ ಒಂದು ಗುಟುಕು ಕುಡಿದು, ಹಸು ಆದಂಗಾಯ್ತು ಎಂದು ನಕ್ಕಳು.

ಅವತ್ತು ಆ ಮನೆಯವರು ಕೋಟೆಗೆ ಕೊಡ ತೆಗೆದುಕೊಂಡು ಬರಲಿಲ್ಲ ಎಂದು ಕೋಟೆಯ ನೀರಿನ ಲೆಕ್ಕ ನೋಡುವ ಭರಮಪ್ಪ ಕೋಲು ಕುಟ್ಟುತ್ತ ಬಂದ. ಮೂಲೆಯಲ್ಲಿದ್ದ ಕೊಡ ನೋಡಿದ. ಅದು ಹರಿಯುವ ನೀರಲ್ಲ, ನಿಂತ ನೀರೂ ಅಲ್ಲ, ಇಬ್ಬನಿ ಎಂದಳು ದುಗ್ಗಿ. ಕಲ್ಲಿನ ಸಾಲನ್ನು ಗಿಣಿಯ ಹಾಗೆ ಒಪ್ಪಿಸಿದಳು.

ಭರಮಪ್ಪನಿಗೆ ಓದು ಬರುತ್ತಿರಲಿಲ್ಲ. ಬುದ್ಧಿ ಇತ್ತು. ಕೊಡದೊಳಗೆ ಇಣುಕಿ ಬಹಳ ಹೊತ್ತು ನೋಡಿದ.

“ಗುಡ್ಡದ ಮೇಲೆ ಇಬ್ಬನಿ. ಒಪ್ಪಿದೆ. ಈಗ ಇದರೊಳಗೆ ಏನು ಮಾಡ್ತಾ ಇದೆ ತಾಯಿ? ನಿಂತಿದೆ.”

ಕಾಲಿನಿಂದ ಕೊಡ ಉರುಳಿಸಿ ಹೋದ. ನೆಲ ಗಟಗಟನೆ ಕುಡಿಯಿತು. ಅವತ್ತು ಸಣ್ಣಿ ಸೀರೆಯ ತುದಿ ಚೀಪುತ್ತ ಮಲಗಿದಳು. ಕೋಟೆಯ ನೀರು ಮಾತ್ರ ಯಾರೂ ಮುಟ್ಟಲಿಲ್ಲ.

ದುಗ್ಗಿ ಸಿಡುಕುತ್ತ ಅಜ್ಜಿಯ ಮುಂದೆ ಬಂದು ಕೂತಳು. ಎರಡು ವರ್ಷ ಅಕ್ಷರ ಕಲಿತು ಆದದ್ದು ಇಷ್ಟೇ, ಒಂದು ಒದೆಗೆ ಎಲ್ಲ ಹೋಯಿತು ಎಂದಳು. ಅಜ್ಜಿ ಕೈಗೆ ಸಿಕ್ಕಿದ ಚಿಪ್ಪಿನಲ್ಲಿ ಎರಡು ಗುಟುಕು ಇಬ್ಬನಿ ನೀರು ಕೊಟ್ಟಳು. ದುಗ್ಗಿ ಕುಡಿದ ಮೇಲೆ ಅಜ್ಜಿ ಕೇಳಿದಳು.

“ಊರಲ್ಲಿ ನಿನ್ನ ಏನಂತ ಕರೀತಾರೆ?”

“ದುಗ್ಗಿ.”

“ಅದು ನಿಮ್ಮವ್ವ ಇಟ್ಟದ್ದು. ಊರವರು?”

ದುಗ್ಗಿ ಮುಖ ತಿರುಗಿಸಿದಳು. ಎಳೆಯುವ ಕಾಲಿನವಳು ಕೊಡ ಹೊತ್ತು ಬಂದರೆ ಹೆಜ್ಜೆಗೊಂದು ಸಲ ನೀರು ಹೊರಗೆ ಹಾರುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಕೊಡ ಅರ್ಧ, ರವಿಕೆ ಒದ್ದೆ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಹೆಸರಿಟ್ಟಿದ್ದರು.

“ಬಾಯಲ್ಲಿ ಹೇಳಬೇಡ. ಬರಿ.”

ದುಗ್ಗಿ ಮರಳಿನ ಮೇಲೆ ಬರೆದಳು: ತುಳುಕವ್ವ.

ಬರೆದದ್ದನ್ನು ನೋಡಿದಳು. ‘ಅವ್ವ’ವನ್ನು ಅಂಗೈಯಿಂದ ಅಳಿಸಿದಳು. ಮತ್ತೆ ನೋಡಿದಳು. ಮೊದಲು ಅವಳ ಹೆಗಲು ಅಲುಗಿತು, ಆಮೇಲೆ ಹೊಟ್ಟೆ. ನಗು ತಡೆಯಲಾರದೆ ಮರಳಿನ ಮೇಲೆ ಉರುಳಿದಳು.

“ಅರ್ಧ ಕೊಡ ಸಾಕು,” ಎಂದಳು ಅಜ್ಜಿ. “ಜಾಸ್ತಿ ತುಂಬಿದರೆ ನಿನ್ನ ಹೆಸರಿಗೆ ಮೋಸ.”

ಮಾರನೆಯ ದಿನ ಭರಮಪ್ಪ ಬಂದಾಗ ಮನೆಯ ತೊಲೆಗೆ ಹಳೆಯ ಸೀರೆಯ ಜೋಲಿ ಕಟ್ಟಿತ್ತು. ಸಣ್ಣಿ ಅದನ್ನು ತೂಗುತ್ತಿದ್ದಳು. ಅವ್ವ ಜೋಗುಳ ಹಾಡುತ್ತಿದ್ದಳು. ಈ ವಯಸ್ಸಿನಲ್ಲಿ ನಿನಗೆ ಕೂಸೇ ಎಂದು ಅವನು ಮುಜುಗರಪಟ್ಟು ಕೇಳಿದ.

“ಹೌದಪ್ಪ. ಬಲು ತಣ್ಣಗಿನ ಕೂಸು.”

“ಅಪ್ಪ ಯಾರು?”

“ಮೋಡ.”

ಭರಮಪ್ಪ ಸೆರಗು ಸರಿಸಿ ನೋಡಿದ. ಒಳಗೆ ಅರ್ಧ ತುಂಬಿದ ಕೊಡ. ನೀರು ಈ ಕಡೆ ಬಡಿದು ಆ ಕಡೆ ಬಡಿದು ಗುಳುಗುಳು ಎನ್ನುತ್ತಿತ್ತು.

“ನೋಡಿ ನೀರುಗಂಟ್ಯಪ್ಪ,” ಎಂದಳು ದುಗ್ಗಿ. “ಹರಿಯುತ್ತಾ ಇದೆಯಾ? ಇಲ್ಲ. ನಿಂತಿದೆಯಾ? ಅದೂ ಇಲ್ಲ. ಇದು ತುಳುಕುವ ನೀರು.”

ತುಳುಕುವುದೂ ನಿಂತ ಹಾಗೇ ಎಂದ ಭರಮಪ್ಪ. ಹಾಗಾದರೆ ಆ ಮಾತನ್ನು ಕಲ್ಲು ಮುಟ್ಟಿ ಹೇಳಿಬಿಡಿ, ಇಡೀ ಊರು ಒಪ್ಪುತ್ತದೆ ಎಂದಳು ದುಗ್ಗಿ. ಅಷ್ಟರಲ್ಲಿ ಓಣಿಯೆಲ್ಲ ಬಾಗಿಲಿಗೆ ಬಂದಿತ್ತು. ಹಿಂದೆ ಸರಿಯಲು ಅವನ ಮೀಸೆ ಬಿಡಲಿಲ್ಲ.

ಊರಬಾಗಿಲಿಗೆ ಹೋಗಿ ಕಲ್ಲಿನ ಮೇಲೆ ಕೈಯಿಟ್ಟ. “ತುಳುಕುವುದೂ ನಿಂ...” ಎಂದ. ಮುಂದಿನ ಅಕ್ಷರ ಹೊರಡಲಿಲ್ಲ. ಬಾಯಲ್ಲಿ ಗುಂಡುಕಲ್ಲು ಇಟ್ಟುಕೊಂಡವನ ಹಾಗೆ ಕಣ್ಣು ಬಿಟ್ಟ. ಸಣ್ಣಿಯೇ ಓಡಿಹೋಗಿ ಅವನ ಕೈಯನ್ನು ಕಲ್ಲಿನಿಂದ ಕಿತ್ತಳು. ನಾಲಿಗೆ ಸಡಿಲವಾಗಲು ಒಂದು ಗಳಿಗೆ ಬೇಕಾಯಿತು. ಅವ್ವ ಜೋಲಿಯ ಕೊಡದಿಂದ ಒಂದು ಲೋಟ ತಂದುಕೊಟ್ಟಳು. ಕುಡಿದ. ಹುಲ್ಲಿನ ವಾಸನೆ ಬರುತ್ತದೆ ಎಂದು ಗೊಣಗಿದ. ಇನ್ನೊಂದು ಲೋಟ ಕೇಳಿದ.

ವಾರ ಕಳೆಯುವಷ್ಟರಲ್ಲಿ ಊರಲ್ಲಿ ಜೋಲಿಯಿಲ್ಲದ ತೊಲೆ ಇರಲಿಲ್ಲ. ನಸುಕಿನಲ್ಲಿ ಗುಡ್ಡದ ತುಂಬ ಸೀರೆ, ಹಗಲೆಲ್ಲ ಮನೆಮನೆಯಲ್ಲಿ ಜೋಗುಳ. ಹಲ್ಲಿಲ್ಲದ ಮುದುಕರೂ ಕೊಡ ತೂಗಿದರು. ಹೆಸರಿಟ್ಟ ಹೆಂಗಸರು ದುಗ್ಗಿಯ ಹತ್ತಿರ ಬಂದು ಕೊಡ ಎಷ್ಟು ತುಂಬಬೇಕು ಎಂದು ಕೇಳಿಕೊಂಡು ಹೋದರು. ಅವಳು ಸ್ವಲ್ಪ ಕಾಯಿಸಿಯೇ ಹೇಳಿದಳು.

ಅಮಾವಾಸ್ಯೆ ಬಂತು. ಸಣ್ಣಿಗೆ ಹನ್ನೆರಡು ತುಂಬಿತು. ಕೋಟೆಯಿಂದ ಯಾರೂ ಬರಲಿಲ್ಲ. ಅವಳು ಇಡೀ ದಿನ ಮರ ಹತ್ತುವುದರಲ್ಲಿ ಕಳೆದಳು.

ಮೂರನೆಯ ದಿನ ಕಲ್ಲುಕುಟಿಗ ಮಾನಪ್ಪ ಒಂದು ಕರಿಹಲಗೆ ಹಿಡಿದುಕೊಂಡು ಈರಜ್ಜಿಯ ಗುಡಿಸಲಿಗೆ ಬಂದ. ದೊರೆ ಕೆಂಡವಾಗಿದ್ದಾನೆ ಎಂದ. ಹಳೆಯ ಸಾಲುಗಳನ್ನು ಕೆರೆದು ಹಾಕಿ, ತುಳುಕುವ ನೀರನ್ನೂ ಸೇರಿಸಿ, ಹೊಸ ಶಾಸನ ಕೆತ್ತಬೇಕಂತೆ.

“ಕೋಟೆಯಲ್ಲಿ ಬರೆಯೋರು ಯಾರೂ ಇಲ್ಲವಾ?” ಎಂದಳು ದುಗ್ಗಿ.

ಅಕ್ಷರ ಆಳುಗಳ ಕೆಲಸ ಅಂತ ಅಲ್ಲಿ ಯಾರೂ ಕಲಿತಿಲ್ಲ ಎಂದ ಮಾನಪ್ಪ. ತನಗೂ ಬರುವುದಿಲ್ಲ, ಹಲಗೆಯ ಮೇಲಿನ ಗೆರೆ ನೋಡಿ ಹಾಗೇ ಕೆತ್ತುವುದಷ್ಟೇ ಗೊತ್ತು. ತನ್ನ ಅಜ್ಜನ ಕಾಲದಲ್ಲೂ ಈ ಗುಡಿಸಲಿನಿಂದಲೇ ಬರೆಸಿಕೊಂಡು ಹೋಗಿದ್ದರಂತೆ.

ಹೇಳಿ ಮುಗಿಸಿ, ಹಲಗೆ ಕೆಳಗಿಟ್ಟು, ಅವನು ಬೆನ್ನು ತಿರುಗಿಸಿ ಗುಡ್ಡ ನೋಡುತ್ತ ಕೂತ. ಅವನ ಮಗಳಿಗೆ ಮುಂದಿನ ವರ್ಷ ಹನ್ನೆರಡು.

ಅಜ್ಜಿ ಹಲಗೆಯನ್ನು ದುಗ್ಗಿಯ ತೊಡೆಯ ಮೇಲಿಟ್ಟಳು. ಬಳಪವನ್ನೂ ಕೊಟ್ಟಳು.

ಕಲ್ಲಿನ ಮೇಲಿನ ತಲೆಕಟ್ಟುಗಳು ದುಗ್ಗಿಗೆ ನೆನಪಾದವು.

“ಅಜ್ಜಿ, ಅದನ್ನು ಬರೆದವಳು ನೀನೇನಾ?”

“ನಾನಲ್ಲ. ನನಗೆ ಕಲಿಸಿದವಳು. ನಾನು ಪಕ್ಕದಲ್ಲಿ ಕೂತು ಬಳಪ ತೇಯುತ್ತಿದ್ದೆ.”

ಹಲಗೆ ಖಾಲಿ ಇತ್ತು. ದೂರದಲ್ಲಿ ಯಾರದೋ ಮನೆಯ ಜೋಗುಳ ಕೇಳುತ್ತಿತ್ತು.

“ಏನಂತ ಬರೀಲಿ?”

ಅಜ್ಜಿ ಮರಳಿನ ಮೇಲೆ ಕಾಲು ಚಾಚಿ ಕೂತಳು.

“ಅವಳು ಒಂದು ಸಂದು ಬಿಟ್ಟಿದ್ದಳು. ನೀನು ಬಾಗಿಲು ಬಿಡು.”